ಬಿ ಸೈಡಿನಲ್ಲಿ ಉಳಿದದ್ದು

ಮೇಷ್ಟ್ರು ತೀರಿಕೊಂಡು ಬಹಳ ವರ್ಷವಾಯಿತು. ಮೈಸೂರಿನ ಅವರ ಮನೆ ಈಗ ಕೈ ಬದಲಾಗುತ್ತಿದೆ. ಅಟ್ಟ ಖಾಲಿ ಮಾಡಿಸುವಾಗ ತಗಡಿನ ದೊಡ್ಡ ಬಿಸ್ಕತ್ ಡಬ್ಬವೊಂದು ಸಿಕ್ಕಿತೆಂದು ಅವರ ಮಗಳು ಫೋನ್ ಮಾಡಿದಳು. "ಕ್ಯಾಸೆಟ್ಟುಗಳು ಅಣ್ಣ. ಎಲ್ಲದರ ಮೇಲೂ ನಿಮ್ಮ ಅಕ್ಷರ. ಗುಜರಿಗೆ ಹಾಕೋಕೆ ಮನಸ್ಸು ಬರ್ತಿಲ್ಲ, ಬೆಂಗಳೂರಿಗೆ ತಗೊಂಡ್ಹೋದ್ರೆ ಇಡೋಕೆ ಜಾಗ ಇಲ್ಲ. ನಿಮಗೆ ಬೇಕಾ?" ಬೇಕು ಎಂದೆ. ಅವನ್ನು ಹಾಕಿ ಕೇಳುವ ಯಂತ್ರ ನಮ್ಮ ಮನೆಯಲ್ಲೂ ಇಲ್ಲ ಎನ್ನುವುದು ಫೋನ್ ಇಟ್ಟ ಮೇಲೆ ನೆನಪಾಯಿತು.

ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಹುಡುಗನೊಬ್ಬನ ಪರಿಚಯವಾಯಿತು. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಈ ಹುಚ್ಚು. ಡಬ್ಬವನ್ನು ಅವನಿಗೆ ಮುಟ್ಟಿಸಿ ಬಂದೆ. ಸ್ವಲ್ಪ ದಿನ ಬಿಟ್ಟು ಅವನೇ ಫೋನ್ ಮಾಡಿದ. "ಸರ್, ಲೇಬಲ್ ಮೇಲೆ ಬರೆದಿರೋದಕ್ಕೂ ಒಳಗಿರೋದಕ್ಕೂ ಸಂಬಂಧಾನೇ ಇಲ್ಲ. ಹೊರಗೆ ಮಂಟೇಸ್ವಾಮಿ ಅಂತಿದೆ, ಒಳಗೆಲ್ಲ ಭಾಷಣ, ಬೀಳ್ಕೊಡುಗೆ. ಆದರೆ ಒಂದರಲ್ಲಿ ಬಿ ಸೈಡಿನ ಕೊನೆಗೆ ಬೇರೆ ಏನೋ ಬರ್ತದೆ. ಕಳಿಸ್ತೀನಿ, ಕೇಳಿ."

ಯಾರದೋ ಸನ್ಮಾನ ಸಮಾರಂಭ. ಯಾರದೆಂದು ನನಗೂ ಹೊಳೆಯಲಿಲ್ಲ. ವಂದನಾರ್ಪಣೆ ನಡೆದಿದೆ. ಶಾಮಿಯಾನ ಹಾಕಿದವರಿಗೆ, ಮೈಕ್‌ಸೆಟ್ಟಿನವರಿಗೆ, ಉಪ್ಪಿಟ್ಟು ಕಾಫಿ ಒದಗಿಸಿದ ಹೋಟೆಲಿನವರಿಗೆ, ಒಬ್ಬೊಬ್ಬರಿಗೂ ಹೆಸರು ಹಿಡಿದು ಕೃತಜ್ಞತೆ. ಅರ್ಧ ಚಪ್ಪಾಳೆಗೆ ಟಕ್ಕೆಂದು ಎಲ್ಲ ನಿಂತು, ಅದರಡಿಯಿಂದ ತಂಬೂರಿ ಎದ್ದಿತು. ಮುಂದೆ ಒಂದು ದೊಡ್ಡ ಗಂಟಲು, ಹಿಂದೆ ಎರಡು ಮೂರು ದನಿ ಸೊಲ್ಲು ಹಿಡಿಯುತ್ತಿವೆ. ದೂರದಲ್ಲಿ ನಾಯಿ ಬೊಗಳುತ್ತದೆ. ಯಾರೋ ಹೆಂಗಸು "ಬೀಡಿ ಎಲ್ಲಿಕ್ಕುದ್ರಿ" ಎಂದು ಕೇಳುತ್ತಾಳೆ. ನಾಲ್ಕೈದು ನಿಮಿಷ ಆದ ಮೇಲೆ ಮೈಕಿಗೆ ತೀರ ಹತ್ತಿರದಲ್ಲಿ, ಪಿಸುಗುಟ್ಟಿದರೂ ಎಲ್ಲಕ್ಕಿಂತ ಜೋರಾಗಿ, ಒಂದು ಎಳೆಯ ದನಿ: "ಸಾರ್, ಟೇಪ್ ಮುಗೀತಾ ಬಂತು." ಅದು ನಾನು.

ಅದು 1983ರ ಬೇಸಿಗೆ. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದವನನ್ನು ಮೇಷ್ಟ್ರು ತಮ್ಮ ಯೋಜನೆಗೆ ಹಚ್ಚಿಕೊಂಡಿದ್ದರು. ಜೀ.ಶಂ. ಪರಮಶಿವಯ್ಯನವರಂಥವರು ದಾರಿ ತೋರಿಸಿದ ಮೇಲೆ ಕನ್ನಡ ವಿಭಾಗಗಳಿಗೆಲ್ಲ ಜಾನಪದದ ಉತ್ಸಾಹ ಬಂದ ಕಾಲ. ನನ್ನ ಕೆಲಸ ಟೇಪ್ ರೆಕಾರ್ಡರ್ ಹೊರುವುದು. ನ್ಯಾಷನಲ್ ಪ್ಯಾನಾಸೋನಿಕ್, ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಬಗಲಚೀಲದಲ್ಲಿ ಟವೆಲ್ಲು ಸುತ್ತಿ ಇಟ್ಟುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸುವಂತಿರಲಿಲ್ಲ. ಅದು ಕೈಲಿರುವವರೆಗೆ ಊರಿನ ಮಕ್ಕಳೆಲ್ಲ ನನ್ನ ಹಿಂದೆ, ಮೇಷ್ಟ್ರ ಹಿಂದಲ್ಲ. ಆ ಜಂಬ ನನಗೆ ಬಹಳ ದಿನ ಇತ್ತು.

ಮಳವಳ್ಳಿ ಕಡೆಯ ಹಳ್ಳಿ. ಹಾಡುವ ಯಜಮಾನರು ನೀಲಗಾರರು. ಮಂಟೇಸ್ವಾಮಿ ಒಕ್ಕಲಾಗಿ ದೀಕ್ಷೆ ಪಡೆದು, ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ರಾತ್ರಿಯಿಡೀ ಕಥೆ ಹಾಡುವವರು. ಊರ ಪಟೇಲರ ಮನೆಯಲ್ಲಿ ನಮಗೆ ಊಟ, ಹಾಸಿಗೆ ಎಲ್ಲ ಆಗಿತ್ತು. ಹಾಡು ಅಲ್ಲಿ ಆಗುವಂತಿರಲಿಲ್ಲ. ನೀಲಗಾರರು ಆ ಜಗುಲಿ ಹತ್ತುವಂತಿರಲಿಲ್ಲ, ಅದನ್ನು ಯಾರೂ ಬಾಯಿ ಬಿಟ್ಟು ಹೇಳಲೂ ಇಲ್ಲ. ಶಾಲೆಯ ವರಾಂಡ ಒಳ್ಳೆಯದು, ಗಾಳಿ ಬರುತ್ತದೆ ಎಂದರು ಪಟೇಲರು. ಮೇಷ್ಟ್ರು ಒಪ್ಪಿಕೊಂಡರು. "ವರಾಂಡದಲ್ಲಿ ದನಿ ಗುಂಯ್ ಅನ್ನುತ್ತೆ ಸಾರ್" ಎಂದು ನಾನು ತಂತ್ರಜ್ಞನ ಹಾಗೆ ತಕರಾರು ತೆಗೆದೆ. ಈಗ ಆ ನಾಲ್ಕೈದು ನಿಮಿಷ ಕೇಳಿದರೆ ಆ ಗುಂಯ್ ಇನ್ನೂ ಇದೆ. ಅದು ಎಲ್ಲಿಂದ ಬಂತೆಂದು ಪುಸ್ತಕದ ಯಾವ ಅಡಿಟಿಪ್ಪಣಿಯೂ ಹೇಳುವುದಿಲ್ಲ.

ಧೂಪ ಹಾಕಿ, ತಂಬೂರಿಗೆ ಕೈಮುಗಿದು ಯಜಮಾನರು ಶುರು ಮಾಡಿದರು. ಅವರ ಲೆಕ್ಕದಲ್ಲಿ ಕಥೆ ಸಾಲು ಸಾಲಾಗಿ ಇದೆ: ಕಲ್ಯಾಣದ ಸಾಲು, ರಾಚಪ್ಪಾಜಿ ಸಾಲು, ಹಲಗೂರು ಪಾಂಚಾಳರ ಹತ್ತಿರ ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆ ಕೇಳುವ ಸಾಲು. ನಮ್ಮ ಲೆಕ್ಕದಲ್ಲಿ ಕಥೆ ಮೂವತ್ತು ನಿಮಿಷದ ತುಂಡು. ಅರವತ್ತು ನಿಮಿಷದ ಕ್ಯಾಸೆಟ್ಟು, ಒಂದು ಮಗ್ಗುಲಿಗೆ ಮೂವತ್ತು. ತೊಂಬತ್ತರದು ಅಂಗಡಿಯಲ್ಲಿ ಸಿಗುತ್ತಿತ್ತು, ಅದರ ಟೇಪು ತೆಳು, ಸುತ್ತಿಕೊಳ್ಳುತ್ತದೆಂದು ಮೇಷ್ಟ್ರು ಬೇಡವೆಂದಿದ್ದರು. ಮುಗಿಯುವ ಹೊತ್ತಿಗೆ ನಾನು ಪಿಸುಗುಟ್ಟುವುದು, ಮೇಷ್ಟ್ರು ಕೈಯೆತ್ತುವುದು, ಯಜಮಾನರು ಸೊಲ್ಲಿನ ನಡುವೆಯೇ ನಿಲ್ಲಿಸುವುದು. ಎರಡು ಸಲ ಸುಮ್ಮನಿದ್ದರು. ಮೂರನೆಯ ಸಲ ಕೇಳಿಯೇಬಿಟ್ಟರು: "ಅಲ್ಲ ಬುದ್ಧಿ, ಸಿದ್ದಪ್ಪಾಜಿ ಅಲಗೂರು ಬಾಕ್ಲಲ್ಲಿ ನಿಂತವ್ನೆ. ಒಳೀಕ್ ಓಗಂಗಿಲ್ಲ, ಈಚೀಕ್ ಬರಂಗಿಲ್ಲ. ಇಲ್ಲಿ ನಿಲ್ಸುದ್ರೆ ದೋಸ ಬರಕಿಲ್ವಾ?"

ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಕ್ಯಾಸೆಟ್ಟು ತಿರುಗಿಸಿ ಹಾಕಿದೆ.

ಕಥೆಯನ್ನು ಯಂತ್ರದ ಅಳತೆಗೆ ಕತ್ತರಿಸುವುದು ನಮ್ಮಿಂದ ಶುರುವಾದದ್ದಲ್ಲ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನಳ ಮುಂದೆ ಕಹಳೆ ಇಟ್ಟಾಗ ಆಕೆಗೆ ಸಿಕ್ಕಿದ್ದು ಮೂರು ನಿಮಿಷ ಅಷ್ಟೇ. ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಆಕೆ ಮೂರು ನಿಮಿಷಕ್ಕೆ ಮಡಿಸಿಕೊಟ್ಟಳು, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳಿದಳು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ಮೇಣದ ತಟ್ಟೆ ಯಾರದ್ದೆಂದು ತಿಳಿಯಬೇಕಲ್ಲ. ಅದಕ್ಕಾಗಿ ಹೇಳಿಸಿದ್ದು, ಗೌರವಕ್ಕಲ್ಲ. ಆದರೂ ನೂರಿಪ್ಪತ್ತು ವರ್ಷ ದಾಟಿ ಆ ಹೆಸರು ಹಾಡಿನ ಜೊತೆಗೇ ಅಂಟಿಕೊಂಡಿದೆ. ಆಕೆಯ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ. 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡಳು. ನಾನು ಮೈಸೂರಿನಲ್ಲಿ ಅಷ್ಟು ವರ್ಷ ಓದಿದರೂ ಆ ವಿಷಯ ಯಾರೂ ಹೇಳಿರಲಿಲ್ಲ.

ನಮ್ಮ ಕ್ಯಾಸೆಟ್ಟಿನಲ್ಲಿ ಯಾರೂ ಹೆಸರು ಹೇಳುವುದಿಲ್ಲ. ಲೇಬಲ್ಲಿನ ಮೇಲೆ ನನ್ನ ಅಕ್ಷರದಲ್ಲಿ ಊರು, ತಾರೀಖು, ಯಜಮಾನರ ಹೆಸರು, "ಮತ್ತು ಸಂಗಡಿಗರು". ರೇಡಿಯೋ ಕೇಳಿ ಕೇಳಿ ಕಲಿತ ಮಾತು ಅದು. ಸಂಗಡಿಗರು ಎಂದರೆ ಆಯಿತು, ಮೂರು ಜನರ ಹೆಸರು ಬರೆಯುವ ಶ್ರಮ ಉಳಿಯಿತು.

ಹಿಂದಿರುಗಿದ ಮೇಲೆ ಅಸಲಿ ಕೆಲಸ. ವಿಭಾಗದ ಮೂಲೆಯ ಕೋಣೆಯಲ್ಲಿ ಕೂತು ಪ್ಲೇ, ಸ್ಟಾಪ್, ರಿವೈಂಡ್. ಒಂದು ಸಾಲು ಬರೆದುಕೊಳ್ಳಲು ನಾಲ್ಕು ಸಲ ಕೇಳಬೇಕು. ಕೇಳುತ್ತಿದ್ದದ್ದು ಬರೆಯುವುದಕ್ಕಾಗಿ. ಹಿಮ್ಮೇಳದವರು ಸೊಲ್ಲು ಹಿಡಿದಾಗೆಲ್ಲ ಮೊದಮೊದಲು ಪೂರ್ತಿ ಬರೆದೆ, ಆಮೇಲೆ ಅಡ್ಡಗೆರೆ ಎಳೆದೆ, ಪುಸ್ತಕ ಅಚ್ಚಿಗೆ ಹೋಗುವಾಗ ಆ ಗೆರೆಯೂ ಹೋಯಿತು. ಕಾಗದದ ಬೆಲೆ ಹೆಚ್ಚಿತ್ತು. ಯಜಮಾನರು ಉಸಿರು ಎಳೆದುಕೊಳ್ಳುವುದು, ಒಂದು ಸಾಲು ಹಾಡಾಗಿ ಶುರುವಾಗಿ ಮಾತಾಗಿ ಇಳಿಯುವುದು, ಹಿಂದಿನವನು "ಹೌದೌದು" ಎಂದು ಮೇಲೆತ್ತುವುದು, ನಡುವೆ ನೀರು ಕೇಳುವುದು, ಇದ್ಯಾವುದಕ್ಕೂ ನಮ್ಮಲ್ಲಿ ಅಕ್ಷರವಿರಲಿಲ್ಲ. ಅಲಗೂರನ್ನು ಹಲಗೂರು ಎಂದು ತಿದ್ದಬೇಕೋ ಬೇಡವೋ ಎಂಬುದರ ಮೇಲೆ ಮಾತ್ರ ಒಂದು ಮಧ್ಯಾಹ್ನ ಪೂರ್ತಿ ಚರ್ಚೆಯಾಯಿತು. ತಿದ್ದಬಾರದೆಂದು ಮೇಷ್ಟ್ರು ಹಟ ಹಿಡಿದರು. ಹಾಡಿದ್ದನ್ನು ಹಾಡಿದ ಹಾಗೇ ಬರೆಯಬೇಕು ಎಂದು ಆ ಕಾಲಕ್ಕೆ ಗಟ್ಟಿಯಾಗಿ ಹೇಳಿದವರು ಅವರು, ಅದನ್ನು ನಾನು ಮರೆಯುವುದಿಲ್ಲ.

ಬರೆದಾದ ಮೇಲೆ ಕ್ಯಾಸೆಟ್ಟಿನ ಗತಿ? ಕ್ಯಾಸೆಟ್ಟಿನ ಬೆನ್ನಿಗೆ ಎರಡು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಚಿಪ್ಪು ಇರುತ್ತಿದ್ದವು, ಈಗಿನವರಿಗೆ ಗೊತ್ತಿರಲಾರದು. ಅದನ್ನು ಮುರಿದರೆ ರೆಕಾರ್ಡರಿನೊಳಗಿನ ಕಡ್ಡಿ ಆ ತೂತಿಗೆ ಇಳಿಯುತ್ತದೆ, ಕೆಂಪು ಗುಂಡಿ ಒತ್ತಿದರೂ ಕೂರುವುದಿಲ್ಲ, ಹಳೆಯದು ಅಳಿಯುವುದಿಲ್ಲ. ಹಳ್ಳಿಯಲ್ಲಿ ಪ್ರತಿ ಕ್ಯಾಸೆಟ್ಟು ಮುಗಿದ ಕೂಡಲೇ ಬೀಗದ ಕೈಯ ತುದಿಯಿಂದ ಅದನ್ನು ಮುರಿಯುತ್ತಿದ್ದೆ. ವಿಭಾಗಕ್ಕೆ ಬಂದ ಮೇಲೆ ಅದೇ ತೂತಿನ ಮೇಲೆ ಸೆಲ್ಲೋಟೇಪು ಅಂಟಿಸಲಾಗುತ್ತಿತ್ತು. ಅಂಟಿಸಿದರೆ ಮತ್ತೆ ರೆಕಾರ್ಡ್ ಮಾಡಬಹುದು. ಹೊಸ ಕ್ಯಾಸೆಟ್ಟಿಗೆ ಬಿಲ್ಲು ಬೇಕು, ಬಿಲ್ಲಿಗೆ ಮಂಜೂರಾತಿ ಬೇಕು, ನಾಳೆ ಬೆಳಿಗ್ಗೆ ಅತಿಥಿಗಳ ಭಾಷಣ ಇದೆ. ಪಠ್ಯ ಬಂದಾಯಿತಲ್ಲ, ಇನ್ನೇನು? ನಮ್ಮ ಮಂಡ್ಯದ ಕಡೆ ಕಬ್ಬು ಅರೆದ ಮೇಲೆ ಸಿಪ್ಪೆಯನ್ನು ನೋಡುವ ಹಾಗೆ ಆ ಕ್ಯಾಸೆಟ್ಟುಗಳನ್ನು ಎಲ್ಲರೂ ನೋಡುತ್ತಿದ್ದರು. ಮೇಷ್ಟ್ರು ಕೂಡ. ಅವರನ್ನು ಪ್ರೀತಿಸಿದ ನಾನು ಇದನ್ನು ಬರೆಯಬೇಕು: ಅವರ ಕಣ್ಣಿಗೆ ಕಾವ್ಯ ಕಾಣಿಸಿತು, ಅವರ ಕಿವಿಗೆ ಅದು ಬೇಕಾಗಿರಲಿಲ್ಲ. ಪುಸ್ತಕದ ಮುಖಪುಟದಲ್ಲಿ ಸಂಪಾದಕರೆಂದು ಅವರ ಹೆಸರಿದೆ, ಹಾಡಿದವರು ಮುನ್ನುಡಿಯ ಒಂದು ವಾಕ್ಯದಲ್ಲಿದ್ದಾರೆ.

ಹೀಗೇ ಆಗಬೇಕಾಗಿರಲಿಲ್ಲ ಎಂದು ಗೊತ್ತಾದದ್ದು ತಡವಾಗಿ. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ದಿನಗಟ್ಟಲೆ ಹಾಡಿಸಿ ಧ್ವನಿ, ವಿಡಿಯೊ ಎರಡರಲ್ಲೂ ಹಿಡಿದರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು. ಸಂಪುಟದ ಹೆಸರಿನಲ್ಲಿಯೇ, ಗೋಪಾಲ ನಾಯ್ಕ ಹಾಡಿದ ಪ್ರಕಾರ ಎಂದಿದೆ. ಆ ಸಂಪುಟಗಳನ್ನು ಗ್ರಂಥಾಲಯದಲ್ಲಿ ಮೊದಲು ಕೈಗೆತ್ತಿಕೊಂಡಾಗ ನಾನು ಬಹಳ ಹೊತ್ತು ಹೆಸರಿನ ಪುಟವನ್ನೇ ನೋಡಿದೆ. ಕಾಲ ಬೇರೆ, ಹಣ ಬೇರೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಹೆಸರು ಬರೆಯುವುದಕ್ಕೆ ಹಣ ಬೇಕಾಗುವುದಿಲ್ಲ.

ಹುಡುಗನ ಕೋಣೆಗೆ ಒಂದು ಸಂಜೆ ಹೋಗಿದ್ದೆ. ಹಳೆಯ ಡೆಕ್ಕಿನ ಮುಚ್ಚಳ ಬಿಚ್ಚಿಟ್ಟಿದ್ದ. ಕಿವಿಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ಡು ಒರೆಸಿದ, ಕಡ್ಡಿ ಕಂದು ಬಣ್ಣಕ್ಕೆ ತಿರುಗಿತು. "ಇದೇ ಸರ್ ಧ್ವನಿ. ಐರನ್ ಆಕ್ಸೈಡ್. ತುಕ್ಕು ಅಂತಾನೇ ಇಟ್ಕೊಳಿ" ಎಂದ. ಆಮೇಲೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಹೆಡ್ಡಿನ ಓರೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದ. ಕಂಬಳಿ ಹೊದ್ದು ಹಾಡುತ್ತಿದ್ದಂತಿದ್ದ ಯಜಮಾನರು ಥಟ್ಟನೆ ಕಂಬಳಿ ತೆಗೆದರು. ಗಗ್ಗರದ ಒಳಗಿನ ಹರಳುಗಳು ಬೇರೆ ಬೇರೆಯಾಗಿ ಕೇಳಿಸಿದವು. ಒಂದು ಗಂಟೆಯ ಕ್ಯಾಸೆಟ್ಟು ಇಳಿಸಲು ಒಂದು ಗಂಟೆಯೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಎಂಪಿ3 ಮಾಡಿಕೊಡು, ವಾಟ್ಸಾಪಿನಲ್ಲಿ ಹಂಚಬಹುದು ಎಂದು ಕೇಳುವವರೇ ಹೆಚ್ಚಂತೆ. ಅವನು ಮೊದಲು ಪೂರ್ತಿ ಗಾತ್ರದ ವೇವ್ ಕಡತ ಮಾಡಿಟ್ಟುಕೊಳ್ಳುತ್ತಾನೆ, ಸಣ್ಣದನ್ನು ಆಮೇಲೆ. ಟೇಪು ಇರಬಹುದು, ಅದನ್ನು ಓಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಇರುವುದಿಲ್ಲ ಎಂದು 2019ರಲ್ಲೇ ಯುನೆಸ್ಕೊ ಜಗತ್ತಿನ ಸಂಗ್ರಹಾಲಯಗಳಿಗೆಲ್ಲ ಎಚ್ಚರಿಕೆ ಕೊಟ್ಟಿತ್ತು. ಈ ಹುಡುಗ ಬಿಡಿಭಾಗಕ್ಕೆ ಗುಜರಿ ಅಂಗಡಿ ಸುತ್ತುತ್ತಾನೆ.

"ಸರ್, ಒಂದು ಪ್ರಶ್ನೆ" ಎಂದ. "ಅವರ ದನಿ ನಿಜವಾಗಿ ಇಷ್ಟು ಸಣ್ಣ ಇತ್ತಾ?"

ಇರಲಿಲ್ಲ. ಮೂರನೆಯ ಜಾವದ ಹೊತ್ತಿಗೆ ಸೆಲ್ಲು ಇಳಿದಿರುತ್ತಿತ್ತು. ಸೆಲ್ಲು ಇಳಿದರೆ ಟೇಪು ನಿಧಾನ ಓಡುತ್ತದೆ. ನಿಧಾನವಾಗಿ ಹಿಡಿದದ್ದನ್ನು ಸರಿ ವೇಗದಲ್ಲಿ ಬಿಟ್ಟರೆ ದನಿ ಏರುತ್ತದೆ, ಕಥೆ ಓಡುತ್ತದೆ. ಎಷ್ಟು ಇಳಿಸಬೇಕೆಂದು ಅವನ ಯಂತ್ರಕ್ಕೆ ಗೊತ್ತಿಲ್ಲ, ತಂಬೂರಿಗೂ ಗೊತ್ತಿಲ್ಲ, ಅದನ್ನು ಯಜಮಾನರು ತಮ್ಮ ಗಂಟಲಿಗೆ ಕೂಡಿಸಿಕೊಂಡದ್ದು. ನಾನು ಕಣ್ಣು ಮುಚ್ಚಿಕೊಂಡು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತ ಕೂತೆ. ಒಂದು ಕಡೆ ಸಾಕು ಎಂದೆ. ಅದು ಸರಿಯಾದ ಜಾಗ ಎನ್ನುವುದಕ್ಕೆ ನನ್ನ ನೆನಪಲ್ಲದೆ ಬೇರೆ ಆಧಾರವಿಲ್ಲ, ಆ ನೆನಪಿಗೂ ನಲವತ್ತು ವರ್ಷ. ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟುಗಳಿವೆ, ಗಾಂಧಾರಿ ಎಂಬ ಹೆಸರಿನಲ್ಲಿ ಬಂದವು. ಅಲ್ಲಿ ಅವರದು ತೆಳ್ಳನೆಯ, ಎತ್ತರದ ದನಿ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ನಾವೆಲ್ಲ ಬಲ್ಲ ಆ ಗಂಭೀರ ಕಂಠ ಬಂತು. ಆ ಪ್ಲೇಟುಗಳು ಉಳಿದಿರದಿದ್ದರೆ ಹುಬ್ಬಳ್ಳಿಯ ಹಿರಿಯರು ಎಷ್ಟು ಹೇಳಿದರೂ ನಮ್ಮ ತಲೆಮಾರು ನಂಬುತ್ತಿರಲಿಲ್ಲ. ನೆನಪು ಯಾವಾಗಲೂ ಕೊನೆಯ ದನಿಯನ್ನೇ ಹಿಡಿದುಕೊಳ್ಳುತ್ತದೆ. ಹಾಗಾಗಿ ನಾನು ಕೊಟ್ಟ ಅಳತೆಯ ಮೇಲೆ ನನಗೇ ಅನುಮಾನ. ತಿದ್ದಿದ ಕಡತದ ಜೊತೆಗೆ ತಿದ್ದದ ಕಡತವನ್ನೂ ಇಟ್ಟಿರು ಎಂದು ಹುಡುಗನಿಗೆ ಹೇಳಿದೆ. ಅವನು ಅದಾಗಲೇ ಇಟ್ಟಿದ್ದ.

ಅಮೆರಿಕದವರು ಇದಕ್ಕೆ ಕಾನೂನನ್ನೇ ಮಾಡಿಕೊಂಡಿದ್ದಾರೆ. 2000ದಲ್ಲಿ ಆದ ಕಾಯ್ದೆಯ ಪ್ರಕಾರ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ವರ್ಷಕ್ಕೆ 25ರಂತೆ, ಕನಿಷ್ಠ ಹತ್ತು ವರ್ಷ ಹಳೆಯದಾದ ಧ್ವನಿಮುದ್ರಣಗಳನ್ನು ಆರಿಸಿ ದೇಶ ಕಾಪಾಡಬೇಕಾದ ಪಟ್ಟಿಗೆ ಸೇರಿಸುತ್ತದೆ. 1977ರಲ್ಲಿ ವಾಯೇಜರ್ ನೌಕೆಯೊಂದಿಗೆ ಹೋದ ತಟ್ಟೆಯೂ ಆ ಪಟ್ಟಿಯಲ್ಲಿದೆ. ಅದರಲ್ಲಿ 55 ಭಾಷೆಗಳ ನಮಸ್ಕಾರದ ನಡುವೆ ಕನ್ನಡದ್ದೂ ಒಂದು, ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ಈ ಸಂಗತಿಯನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಸಾಕಷ್ಟು ಸಲ ಕೇಳಿದ್ದೇನೆ. ಕೆಲವು ಭಾಷಣಗಳನ್ನು ಯಾವುದರ ಮೇಲೆ ರೆಕಾರ್ಡ್ ಮಾಡಿದೆವು ಎಂದು ಈಗ ಯೋಚಿಸುತ್ತೇನೆ.

ಹಾಲೆಂಡಿನ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಹಾಡುಗಾರರನ್ನು ಧ್ವನಿಮುದ್ರಿಸಿದ್ದರು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಧ್ವನಿಗಳನ್ನು ಹೊತ್ತು ತಮಿಳುನಾಡು, ಕೇರಳ, ಕರ್ನಾಟಕದ ಅವೇ ಜಾಗಗಳನ್ನು ಹುಡುಕಿಕೊಂಡು ಬಂದರು. ಅದನ್ನು ಓದಿದ್ದೆನಾದ್ದರಿಂದಲೋ ಏನೋ, ಫೋನಿನಲ್ಲಿ ಆ ನಾಲ್ಕೈದು ನಿಮಿಷ ಹಾಕಿಕೊಂಡು ಮಳವಳ್ಳಿ ಬಸ್ಸು ಹತ್ತಿದೆ.

ಶಾಲೆಗೆ ಹೊಸ ಕಟ್ಟಡ ಬಂದಿದೆ. ಪಟೇಲರ ಮನೆಯ ಜಗುಲಿಯ ಮೇಲೆ ಮೊಬೈಲ್ ಕರೆನ್ಸಿ ಅಂಗಡಿ. ಯಜಮಾನರ ಮನೆಯವರು ಯಾರೂ ಊರಲ್ಲಿಲ್ಲ. ಹಾಡುವವರು ಯಾರಾದರೂ ಇದ್ದಾರಾ ಎಂದು ಕೇಳಿದ್ದಕ್ಕೆ ಗೂಡ್ಸ್ ಆಟೊ ಓಡಿಸುವ ಒಬ್ಬ ಯುವಕನನ್ನು ತೋರಿಸಿದರು. ಅವನು ಟಾರ್ಪಾಲು ಬಿಗಿಯುತ್ತಿದ್ದ. ಫೋನು ಕಿವಿಗೆ ಕೊಟ್ಟೆ. ಮೊದಲ ಸೊಲ್ಲಿಗೇ ಕೈ ನಿಂತಿತು.

"ಮುಂದ್ಗಡೆ ಹಾಡ್ತಿರೋರು ದೊಡ್ಡಯ್ಯ ಸಾರ್, ನಮ್ಮ ತಾತನ ಗುರು. ಹಿಂದೆ ಸೊಲ್ಲು ಎತ್ತಿ ಹಿಡಿತವ್ನಲ್ಲ, ಮೂಗಲ್ಲಿ ಎಳಿತವ್ನೆ, ಅದು ನಮ್ಮ ತಾತ. ಅವ್ನ ಹೆಸ್ರು ಬರ್ಕೊಂಡಿದೀರಾ?"

ಇಲ್ಲ ಎಂದೆ. ಅವನಿಗೆ ಆಶ್ಚರ್ಯವೇನೂ ಆದಂತಿರಲಿಲ್ಲ. ಈಗ ಬರ್ಕೊಳಿ ಎಂದ. ಬರೆದುಕೊಂಡೆ. ಉಳಿದಿಬ್ಬರ ಹೆಸರನ್ನೂ, ಡಕ್ಕೆ ಯಾರದ್ದು, ತಾಳ ಯಾರದ್ದು ಎಂಬುದನ್ನೂ ಅವನೇ ಹೇಳಿದ. ಬೀಡಿ ಕೇಳಿದ ಹೆಂಗಸು ಯಾರೆಂದು ಅವನಿಗೂ ಗೊತ್ತಾಗಲಿಲ್ಲ. ಅಕ್ಕಪಕ್ಕದ ಮನೆಯಿಂದ ಇಬ್ಬರು ಮುದುಕಿಯರನ್ನು ಕರೆಸಿದ. ಅವರಲ್ಲಿ ಒಮ್ಮತ ಮೂಡಲಿಲ್ಲ, ಜಗಳವೇ ಆಯಿತು.

ಇದನ್ನು ಯೂಟ್ಯೂಬಿಗೆ ಹಾಕಲೇ ಎಂದು ಕೇಳಿದೆ. ಬೇಡ ಎಂದ. ಶುರುವಿಲ್ಲ, ಮಂಗಳವಿಲ್ಲ, ಕಬ್ಬಿಣದ ಸಾಲಿನ ನಡುಮಧ್ಯೆ ಎರಡು ಗಳಿಗೆ, ಹಾಗೆಲ್ಲ ಹಾಕಬಾರದು. ತನಗೆ ಮಾತ್ರ ಒಂದು ಕಳಿಸಬೇಕು. ಹಾಗಾದರೆ ಪೂರ್ತಿ ನೀನೇ ಹಾಡುತ್ತೀಯಾ, ನಮ್ಮ ಹುಡುಗ ಬಂದು ನಿಲ್ಲಿಸದೆ ರೆಕಾರ್ಡ್ ಮಾಡುತ್ತಾನೆ ಎಂದೆ. ಹಾಡುತ್ತೇನೆ, ಆದರೆ ತನ್ನ ಮನೆಯಲ್ಲಿ, ಧೂಪ ಹಾಕಿ, ನಾಲ್ಕು ಜನಕ್ಕೂ ಸಂಭಾವನೆ, ನಾಲ್ಕು ಜನದ ಹೆಸರೂ ಹಾಕಬೇಕು, ಒಂದು ಪ್ರತಿ ತಮ್ಮ ಹತ್ತಿರ ಇರಬೇಕು. ಮೊತ್ತ ಹೇಳಿದ. 1983ರಲ್ಲಿ ಮೇಷ್ಟ್ರು ಕೊಟ್ಟಿದ್ದು ಒಂದಿಷ್ಟು ಹತ್ತರ ನೋಟು ಮತ್ತು ಕಾಫಿ. ನಾನು ಚೌಕಾಸಿ ಮಾಡಲಿಲ್ಲ.

ಮೇಷ್ಟ್ರು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದ ಒಂದು ಮಾತಿತ್ತು: ಇವರೇ ಕೊನೆಯ ತಲೆಮಾರು, ಇವರ ನಂತರ ಇದನ್ನು ಹಾಡುವವರಿಲ್ಲ, ಆದ್ದರಿಂದ ಹಿಡಿದಿಡಬೇಕು. ನಾನೂ ಅದನ್ನೇ ನಂಬಿ ಪಾಠ ಮಾಡಿದೆ, ಪಿಂಚಣಿಗೂ ಬಂದೆ. ಮುಂದಿನ ವಾರವೇ ಬರುತ್ತೇವೆ ಎಂದು ಯುವಕನಿಗೆ ಹೇಳಿದೆ. ಅವನು ಫೋನು ತೆಗೆದು ಕ್ಯಾಲೆಂಡರ್ ನೋಡಿದ.

"ಮುಂದಿನ್ ವಾರ ಆಗಲ್ಲ ಸಾರ್. ಚಿಕ್ಕಲ್ಲೂರು ಜಾತ್ರೆ ಮುಗಿಯೋಗಂಟ ನಾವು ಬುಕ್ ಆಗ್ಬುಟ್ಟಿದೀವಿ. ಆಮೇಲೆ ಒಂದ್ ಫೋನ್ ಹೊಡೀರಿ."